ಸೋಮವಾರಕ್ಕೆ ಬೇಕಾದ ಬಿಳಿ ಶೂ

ಸಮತ್,

ನಿಮ್ಮಮ್ಮ ಆಗಲೇ ಕಾರಲ್ಲಿ ಕೂತು ಕೂಗುತ್ತಿದ್ದಾರೆ. ಕೊಚ್ಕೋರ್ ಊರಿನ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ನಾನೂ ಬರುತ್ತೇನೆಂದು ನನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದಾರೆ. ಎರಡು ದಿನ ನೆಂಟರಿಗೆಲ್ಲ ಚಹಾ ಬಗ್ಗಿಸಬೇಕಂತೆ. ವಾಪಸ್ಸು ಬರುವುದು ಭಾನುವಾರ ಸಂಜೆ. ಸೋಮವಾರ ಒಂಬತ್ತಕ್ಕೆ ಶಾಲೆಯವರು ಆಟದ ಟೀಚರ್ ಕೆಲಸಕ್ಕೆ ನನ್ನನ್ನು ಓಡಿಸಿ ನೋಡುತ್ತಾರೆ. ನನ್ನ ಬಿಳಿ ಶೂ ನೋಡಿದರೆ ಕೊಟ್ಟಿಗೆ ಕೆಸರಲ್ಲಿ ಅದ್ದಿದಂತಿದೆ. ಇವತ್ತೇ ತೊಳೆದಿಡು.

ಮೊದಲು ಲೇಸು, ಒಳಗಿನ ಮೆತ್ತೆ ತೆಗೆ. ಹೊರಗಿನ ನಲ್ಲಿಯಲ್ಲಿ ಹಳೇ ಬ್ರಷ್ಷಿಂದ ಕೆಸರು ಉಜ್ಜು. ಅಡಿಯಲ್ಲಿ ಸಿಕ್ಕಿರುವ ಕಲ್ಲುಗಳನ್ನೂ ಕಿತ್ತುಹಾಕು, ಅವು ಮೆಷಿನ್ ಕೆಡಿಸುತ್ತವೆ. ಆಮೇಲೆ ದಿಂಬಿನ ಕವರಿನಲ್ಲಿ ಹಾಕಿ ಬಾಯಿ ಕಟ್ಟು. ಜೊತೆಗೆ ಎರಡು ಹಳೇ ಟವೆಲ್ ಇರಲಿ, ಇಲ್ಲದಿದ್ದರೆ ಡ್ರಮ್ಮಿಗೆ ದಬದಬ ಬಡಿಯುತ್ತದೆ. ತಣ್ಣೀರು ಬಿಡು, ಸೋಪು ಚೂರೇ ಚೂರು. ಹಿಂಡುವ ಗುಂಡಿ ಮುಟ್ಟಲೇಬೇಡ. ಒಲೆ ಹತ್ತಿರ ಒಣಗಿಸಿದರೆ ಅಂಟು ಬಿಡುತ್ತದೆ. ಕಾಗದ ತುರುಕಿ ನೆರಳಲ್ಲಿಡು.

ಹೋದ ಸಲ ನಿಮ್ಮಮ್ಮ, "ಕಾಲಿಗೆ ಮೆಟ್ಟೋದನ್ನ ಬಟ್ಟೆ ಒಗೆಯೋ ಮೆಷಿನ್‌ಗೆ ಹಾಕ್ತೀಯೇನೇ?" ಅಂದಾಗ ನೀನು ಎದ್ದು ಅಂಗಳಕ್ಕೆ ಹೋದೆ. ಆ ಮೆಷಿನ್ ನನ್ನ ತವರಿನವರು ಕೊಟ್ಟಿದ್ದು. ನಾಲ್ಕು ವರ್ಷದಿಂದ ಅದರಲ್ಲಿ ನಿಮ್ಮೆಲ್ಲರ ಬಟ್ಟೆ ಒಗೆದಿದ್ದೇನೆ.

ಕುರಿ ಸಾರು ಇದೆ, ಬಿಸಿ ಮಾಡಿಕೊಂಡು ಉಣ್ಣು.

ಕೆಲಸದ ವಿಷಯ ನಿಮ್ಮಮ್ಮನಿಗೆ ಹೇಳಲು ನನಗೆ ಬಾಯೇ ಬರಲಿಲ್ಲ. ಈಗ ಇಡೀ ದಾರಿ ಅವರ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂರಬೇಕು. ನಾವು ಬಂದ ಕೂಡಲೇ ನೀನೇ ಹೇಳು. ಶೂ ತೊಳೆಯದಿದ್ದರೂ ಸರಿ, ಕೆಸರಿನಲ್ಲೇ ಓಡುತ್ತೇನೆ. ಇದೊಂದು ಮಾತು ಹೇಳದೆ ಮಾತ್ರ ಇರಬೇಡ.

ಜಿಬೆಕ್