ಜಾವಾದ ದೊರೆ, ಗೇಟಿನ ಬೀಗ

ಜಯಲಕ್ಷ್ಮಿಪುರಂ
ಶನಿವಾರ

ಪೂಜ್ಯ ಮಾವನವರಿಗೆ,

ನಿಮಗೆ ಕಿವಿ ಕೇಳದ್ದರಿಂದ ಬರೆದು ಕಾಫಿ ಲೋಟದ ಕೆಳಗೆ ಇಡುತ್ತಿದ್ದೇನೆ.

ನಾಳೆ ನಿಮ್ಮ ಎಂಬತ್ತರ ಶಾಂತಿ. ಪೇಟ, ಜರಿ ಶಲ್ಯ ತಂದಿದ್ದೇನೆ. ಬಂದವರೆಲ್ಲ ನಿಮ್ಮ ಕಾಲಿಗೆ ಬೀಳುತ್ತಾರೆ; ದಯವಿಟ್ಟು ಕುರ್ಚಿ ಬಿಟ್ಟು ಏಳಬೇಡಿ.

ಇತಿಹಾಸದ ಮೇಷ್ಟ್ರು ನೀವೇ ಒಮ್ಮೆ ಹೇಳಿದ್ದಿರಿ: ಡಚ್ಚರ ಕಾಲದಲ್ಲಿ ಜಾವಾದ ದೊರೆಗೆ ಸಿಂಹಾಸನ, ಪದಕ, ಬಂಗಾರದ ಕೊಡೆ ಎಲ್ಲವೂ ಇತ್ತು. ಊರಾಚೆ ಹೋಗಲು ಮಾತ್ರ ಡಚ್ ಅಧಿಕಾರಿಯ ಅಪ್ಪಣೆ ಬೇಕಿತ್ತು. ಆ ಅಧಿಕಾರಿಯನ್ನು ದೊರೆ ‘ತಂದೆ’ ಎಂದು ಕರೆಯಬೇಕಿತ್ತು. ನಾವಿಬ್ಬರೂ ನಕ್ಕಿದ್ದೆವು.

ಮೊನ್ನೆ ನೀವು ಗೇಟಿನ ಬಳಿ ನಿಂತು, “ತಾಯೀ, ಬೀಗ ತೆಗಿ ಕಣಮ್ಮ. ಅಶೋಕಪುರಕ್ಕೆ ಹೋಗಿ ಜವರಪ್ಪನ್ನ ಒಂದ್ಸಲ ನೋಡ್ಕೊಂಡು ಬಂದ್ಬುಡ್ತೀನಿ” ಅಂದಿರಿ. ಇಷ್ಟು ವರ್ಷ ನನ್ನನ್ನು ಹೆಸರು ಹಿಡಿದೇ ಕರೆದವರು. ದಾರಿಯಲ್ಲಿ ಬೀಳುತ್ತೀರೆಂಬ ಭಯಕ್ಕೆ ನಾನು ತೆಗೆಯಲಿಲ್ಲವೋ, ಆ ‘ತಾಯೀ’ ಇನ್ನೊಮ್ಮೆ ಕೇಳಬೇಕೆನಿಸಿತೋ, ನನಗೇ ತಿಳಿಯದು.

ನಿಮ್ಮ ಗೆಳೆಯ ಜವರಪ್ಪನವರು ಇಂದು ಬೆಳಿಗ್ಗೆ ತೀರಿಕೊಂಡರು. ಸಂಜೆ ಮಣ್ಣು. ಸಾವಿನ ಮನೆಗೆ ಹೋಗಿ ಬಂದರೆ ನಾಳೆಯ ಶಾಂತಿ ನಿಂತುಹೋಗುತ್ತದೆ; ಆದ್ದರಿಂದ ಬೀಗ ನಾಡಿದ್ದು ತೆಗೆಯುತ್ತೇನೆ.

ಪೇಟ ಹಾಕಿ ನೋಡಿ. ಬಿಗಿಯಾದರೆ ಹೇಳಿ, ಸಡಿಲ ಮಾಡಿಸಿಕೊಡುತ್ತೇನೆ.

ನಿಮ್ಮ ಸೊಸೆ,
ವಿನುತಾ