ಐದನೇ ತಿರುವಿನ ಕಾಡುಕೋಣ

ಬೆಟ್ಟದ ಗೇಟು,
ಮಂಗಳವಾರ, ಅಕ್ಟೋಬರ್ ೧೪

ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಹೆಸರಿಗೆ ಅತ್ತೆಯೂ ಆದ ಕವಿನ್ಯಾಳಿಗೆ, ಅಮ್ಮನ ಪ್ರೀತಿ.

ನಿನಗೆ ನಿನ್ನ ಅಪ್ಪನ ತಾಯಿಯ ಹೆಸರಿಟ್ಟ ತಪ್ಪಿಗೆ ಮೂವತ್ತೊಂದು ವರ್ಷದಿಂದ ಅತ್ತೆ ಅಂತಲೇ ಕರೆಯುತ್ತಿದ್ದೇನೆ. ಹೋದ ಶನಿವಾರ ನಿನ್ನ ಮುಖ ನೋಡಿದರೆ ಆಕೆಯೇ ಎದ್ದು ಬಂದಂತಿತ್ತು. ಬೆಟ್ಟ ಇಳಿದವಳೇ ನಿನ್ನ ಶಾಲೆಯ ಮಕ್ಕಳನ್ನು ಬಸ್ಸು ಹತ್ತಿಸಿ, ಒಂದು ತುತ್ತೂ ಮುಟ್ಟದೆ ಹೊರಟುಬಿಟ್ಟೆ. ಮೆಕ್ಕೆಜೋಳ, ಅಲಸಂದೆ ಹಾಕಿ ನಸುಕಿನಲ್ಲೇ ಎದ್ದು ಬೇಯಿಸಿಟ್ಟಿದ್ದ ಮುಥೊಕೊಯಿಯನ್ನು ನನ್ನ ಜೊತೆಯ ರೇಂಜರ್ ಮುಸೆಂಬಿ ಎರಡು ಸಲ ಬಡಿಸಿಕೊಂಡು ತಿಂದ. "ನಿಮ್ಮ ಮಗಳು ಹೀಗೇ ಕೋಪ ಮಾಡ್ಕೊಂಡು ಹೋಗ್ತಾ ಇರ್ಲಿ ಅಕ್ಕಾ, ನನ್ನ ಹೊಟ್ಟೆ ತಣ್ಣಗಿರುತ್ತೆ" ಅಂತ ಬೇರೆ ಹೇಳಿದ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ನಾನು ಮಾತು ತೇಲಿಸುತ್ತೇನೆ. ಪೂರ್ತಿ ಓದು.

ನಿನ್ನೆ ನಮ್ಮ ಕಾಡಿನ ಹೊಸ ವಾರ್ಡನ್ ಕಿಟೋಂಗಾ ಸಾಹೇಬರು ಆಫೀಸಿಗೆ ಕರೆಸಿದರು. ಬಂದು ಎರಡು ತಿಂಗಳಾಗಿಲ್ಲ, ನಿನ್ನದೇ ವಯಸ್ಸು, ನಾನು ಒಳಗೆ ಹೋದರೆ ಎದ್ದು ನಿಲ್ಲುತ್ತಾರೆ. ನಿನ್ನ ಶಾಲೆಯ ಹುಡುಗಿಯೊಬ್ಬಳು ಮನೆಗೆ ಹೋಗಿ, ಕಾಡುಕೋಣ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು ಎಂದಳಂತೆ. ಅವಳ ತಂದೆ ದೂರು ಕೊಟ್ಟಿದ್ದಾರೆ. ಅದಕ್ಕೆ ನೀನು ಬರೆದ ಉತ್ತರ ಆಗಲೇ ಮೇಜಿನ ಮೇಲಿತ್ತು. ಸಾಹೇಬರು ನನ್ನ ಕೈಗೆ ಕೊಟ್ಟರು. ಮಕ್ಕಳನ್ನು ದಾರಿ ಬಿಟ್ಟು ಒಳಗೆ ಕರೆದೊಯ್ದದ್ದು ನೀನು, ರೇಂಜರ್ ಬೇಡವೆಂದರೂ ಕೇಳಲಿಲ್ಲ, ತಪ್ಪೆಲ್ಲ ನಿನ್ನದಂತೆ! ಅಷ್ಟು ಅಂದವಾದ ಅಕ್ಷರದಲ್ಲಿ ಅಷ್ಟು ದೊಡ್ಡ ಸುಳ್ಳು. ಕೆಳಗೆ ರುಜು ಬೇರೆ.

ಓದಿ ನನಗೆ ಸಿಟ್ಟು ಬಂತು ಅಂತ ಬರೆಯಬೇಕೆಂದಿದ್ದೆ. ನಿಜವೆಂದರೆ ಮೊದಲು ಸಮಾಧಾನವಾಯಿತು. ಬಂದೂಕು ಉಳಿಯಿತು, ಬೆಟ್ಟ ಉಳಿಯಿತು ಅಂತ ಉಸಿರು ಬಿಟ್ಟೆ. ಅಷ್ಟರಲ್ಲಿ ಸಾಹೇಬರು, "ಪಾಪ, ಆ ಟೀಚರ್ ಕೆಲ್ಸಕ್ಕೇ ಕುತ್ತು ಬರ್ಬಹುದು. ಶುಕ್ರವಾರ ಶಾಲೇಲಿ ವಿಚಾರಣೆ ಅಂತೆ" ಅಂದರು. ನೀನು ನನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಆಗ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು ಕವಿನ್ಯಾ.

ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಮಕ್ಕಳು ದಾರಿ ಬಿಡಲೇ ಇಲ್ಲ ಎಂದೆ. ಮೂವತ್ತೆರಡು ಮಕ್ಕಳ ಮುಂದೆ ಬಂದೂಕು ಹಿಡಿದು ನಾನಿದ್ದೆ, ನನ್ನ ಬೆನ್ನಿಗೆ ನೀನು, ಕೊನೆಯಲ್ಲಿ ಮುಸೆಂಬಿ. ಐದನೇ ತಿರುವಿನಲ್ಲಿ ನಾನು ಕೋತಿಗಳ ಬಾಲದ ಬಗ್ಗೆ ಏನೋ ತಮಾಷೆ ಹೇಳುತ್ತಿದ್ದಾಗ ನೀನು ನನ್ನ ತೋಳು ಹಿಡಿದು ನಿಲ್ಲಿಸಿದೆ. "ಮಕ್ಕಳೇ, ಎಲ್ರೂ ಇಲ್ಲೇ ಕೂತ್ಕೊಂಡು ನೀರು ಕುಡೀರಿ. ಯಾರು ಮೊದ್ಲು ಮಾತಾಡ್ತಾರೋ ಅವ್ರು ಸೋತ ಹಾಗೆ" ಅಂದೆ, ಏನೂ ಆಗದವಳಂತೆ. ಹಿಂಡು ಬಿಟ್ಟ ಒಂಟಿ ಮುದಿ ಕೋಣ. ಅಂಥವು ಎಷ್ಟು ಸಿಡುಕು ಅಂತ ನಿನಗೆ ಕಲಿಸಿದವಳು ನಾನೇ. ಅದು ತಾನಾಗಿ ಸರಿದುಹೋಗುವವರೆಗೆ ಒಂದು ಮಗುವೂ ಕಿರುಚದಂತೆ ನೀನು ನೋಡಿಕೊಂಡೆ. ನನ್ನ ಮರ್ಯಾದೆಯನ್ನೂ ಉಳಿಸಿದೆ.

"ನಾನು ಅದನ್ನ ನೋಡಿದ್ದು ತಡವಾಯ್ತು ಸಾಹೇಬ್ರೇ. ಹತ್ತಿರದ್ದು ಚೆನ್ನಾಗೇ ಕಾಣುತ್ತೆ, ದೂರದ್ದು ಮಂಜು. ಎರಡು ವರ್ಷದಿಂದ ಕಿವಿ, ಮೂಗು ನಂಬ್ಕೊಂಡು ನಡೀತಿದೀನಿ. ಆ ಟೀಚರ್ ನನ್ನ ಮಗಳು" ಅಂದೆ. ಬಂದೂಕು ಮೇಜಿನ ಮೇಲಿಟ್ಟೆ. ಅವರು, "ತಡವಾಗಿ ಆದ್ರೂ ನೋಡಿದ್ರಲ್ಲ ಅಮ್ಮಾ. ಥಿಕಾ ಪೇಟೆಗೆ ಹೋಗಿ ಕನ್ನಡಕ ಮಾಡಿಸ್ಕೊಂಡು ಬನ್ನಿ. ಬಂದೂಕು ಎಲ್ಲೂ ಹೋಗಲ್ಲ" ಅಂದರು. ಒಳ್ಳೆಯ ಮನುಷ್ಯ. ನಡೆದದ್ದನ್ನು ನಿನ್ನ ಶಾಲೆಗೆ ಇವತ್ತೇ ಬರೆದು ಕಳಿಸಿದ್ದಾರೆ. ಶುಕ್ರವಾರ ನೀನು ತಲೆ ತಗ್ಗಿಸಬೇಕಾಗಿಲ್ಲ. ಅಲ್ಲಿ ಮತ್ತೆ ನನ್ನನ್ನು ಕಾಯಲು ಹೋದರೆ, ಎಲ್ಲರೆದುರೇ ಬಂದು ಕಿವಿ ಹಿಂಡುತ್ತೇನೆ.

ಇವತ್ತು ಗೇಟಿನಲ್ಲಿ ಕೂತು ಟಿಕೆಟ್ಟು ಹರಿದೆ. ನೈರೋಬಿಯ ದಂಪತಿಗಳನ್ನು ಮುಸೆಂಬಿ ಮೇಲಕ್ಕೆ ಕರೆದುಕೊಂಡು ಹೋದ. ಅವರ ಬೂಟಿನ ಸದ್ದು ಮೊದಲ ತಿರುವು ದಾಟುವವರೆಗೂ ಕೇಳಿಸಿತು. ಇಪ್ಪತ್ತಾರು ವರ್ಷ ಆ ಸದ್ದಿನ ಮುಂದೆ ನಡೆದವಳು ನಾನು. ಅಳು ಬಂತು, ಅತ್ತುಬಿಟ್ಟೆ. ನೀನು ಇದಕ್ಕೆ ಓಡಿಬರಬೇಡ. ರಜೆ ಸಿಕ್ಕಾಗ ಬಾ, ಉಂಡು ಹೋಗು.

ನಿನ್ನನ್ನು ಬೈಯುವ ಹಕ್ಕನ್ನು ಇನ್ನೂ ಯಾರ ಮೇಜಿನ ಮೇಲೂ ಇಡದ,
ಅಮ್ಮ ಸ್ಯೊಂಬುವಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ತಡವಾಗಿ ನೋಡಿದೆ ಅಂತ ಸಾಹೇಬರಿಗೂ ಹೇಳಿದೆ, ನಿನಗೂ ಬರೆದೆ. ನಾನು ಅದನ್ನು ನೋಡಲೇ ಇಲ್ಲ. ಮಕ್ಕಳಿಗೆ ಬಾಯಾರಿದೆ ಅಂದುಕೊಂಡು ನಾನೂ ಕೂತು ನೀರು ಕುಡಿದೆ. ಕೋಣವಿತ್ತೆಂದು ಗೊತ್ತಾದದ್ದು ನಿನ್ನ ಬಸ್ಸು ಹೋದ ಮೇಲೆ, ಮುಸೆಂಬಿ ಹೇಳಿದಾಗ. ನಾಳೆ ಬೆಳಗ್ಗೆ ಸಾಹೇಬರಿಗೆ ಇದನ್ನೂ ಹೇಳುತ್ತೇನೆ. ನೀನು ಬಂದಾಗ ನನ್ನನ್ನು ಐದನೇ ತಿರುವಿನವರೆಗೆ ಕರೆದುಕೊಂಡು ಹೋಗು. ಅದು ದಾರಿಯ ಎಡಕ್ಕೆ ನಿಂತಿತ್ತೋ ಬಲಕ್ಕೋ, ತೋರಿಸು.