ಮಣ್ಣು ಕಾಣದ ಸೊಪ್ಪು

ಕಣಕಟ್ಟೆ, ೧೪-೨-೨೦೦೪

ಅವ್ವನಿಗೆ ನಿನ್ನ ಹೇಮಳ ಶರಣು.

ನಿನ್ನ ಅಳಿಯ ಹಿತ್ತಲಲ್ಲಿ ಶೆಡ್ಡು ಹಾಕಿ, ಮಣ್ಣೇ ಇಲ್ಲದೆ, ಪೈಪಿನಲ್ಲಿ ಹರಿಯುವ ನೀರಿನಲ್ಲಿ ಲೆಟಿಸ್ ಎಂಬ ಸೊಪ್ಪು ಬೆಳೆದಿದ್ದಾರೆ. ಗೊಬ್ಬರ ಅಂಗಡಿಯದಲ್ಲ, ನಾವು ಹಂಡೆ ಒಲೆಗೆ ಹಾಕುವ ತೆಂಗಿನ ಮಟ್ಟೆ ನೆನೆಹಾಕಿ, ಸಗಣಿ ಬಗ್ಗಡ ಬೆರೆಸಿ ಸೋಸಿದ ಕಂದು ನೀರು. ಎಲೆ ಎಷ್ಟು ಎಳಸೆಂದರೆ ಬೆರಳು ತಾಗಿದರೆ ಮುರಿಯುತ್ತದೆ.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಮಂಡಿಗೆ ಎಣ್ಣೆ ತಿಕ್ಕಿಸಿಕೊ.

ಅತ್ತೆ ಮಾತ್ರ "ಭೂಮ್ತಾಯಿ ಮುಟ್ಟದ್ದು ಬೆಳೆ ಅಲ್ಲ ಕಣವ್ವ" ಎಂದು ಇಷ್ಟು ದಿನ ಶೆಡ್ಡಿನ ಕಡೆ ಸುಳಿದಿರಲಿಲ್ಲ. ಇವರು ಅದಕ್ಕೇ ಕುಗ್ಗಿಹೋಗಿದ್ದರು. ಇವತ್ತು ಮೊದಲ ಕೊಯ್ಲು. ನಾನು ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೆ, ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೊಲದಲ್ಲಾದರೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು, ಇಲ್ಲಿ ಆ ಕಂದು ನೀರಿಗೆ ಬೆರಳದ್ದಿ ಕಣ್ಣಿಗೊತ್ತಿಕೊಂಡರು. ಈಗ ಸೊಪ್ಪು ತಾವೇ ಕೊಯ್ಯಲು "ಕುಡ್ಲು ತತ್ತಾರವ್ವ" ಎನ್ನುತ್ತಿದ್ದಾರೆ. ಹೊರಟೆ.